ಷಡ್ಡಕ ತಂದ ಹಾಡಿನ ಪೆಟ್ಟಿಗೆ

ಹೊನ್ನಪ್ಪನವರ ಜಗಲಿಯ ಗೋಡೆಗೆ ತೂಗುಹಾಕಿದ್ದ ಆ ಎರಡು ಬಿಳಿ ಸ್ಪೀಕರುಗಳನ್ನು ಕಂಡರೆ ರಂಗಸ್ವಾಮಿಗೆ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಸ್ಪೀಕರುಗಳ ತಪ್ಪೇನೂ ಇಲ್ಲ. ಪಾಪ, ಯಾರು ಹಾಡಿಸಿದರೂ ಹಾಡುವಂಥವು ಅವು. ತಪ್ಪೆಲ್ಲ ಅವನ್ನು ತಂದವನದು.

ತಂದವನು ರಘುನಂದನ್. ಹೊನ್ನಪ್ಪನವರ ಕಿರಿಯಳಿಯ, ಅಂದರೆ ರಂಗಸ್ವಾಮಿಯ ಷಡ್ಡಕ. ಮೈಸೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು ತೊಂಬತ್ತೊಂಬತ್ತನೇ ಇಸವಿಯ ಸಂಕ್ರಾಂತಿಗೆ ಒಂದು ಕಂಪ್ಯೂಟರನ್ನೇ ಕಾರಿನಲ್ಲಿ ಹಾಕಿಕೊಂಡು ಪಾಂಡವಪುರದ ಮಾವನ ಮನೆಗೆ ಬಂದಿಳಿದ. ಅದರ ಹೊಟ್ಟೆಗೆ ಮಾವನಿಗೆ ಇಷ್ಟವಾದ ಹಳೆಯ ಹಾಡುಗಳನ್ನೆಲ್ಲ ತುಂಬಿದ್ದ. ಪೆಟ್ಟಿಗೆ ನಡುಮನೆಯಲ್ಲಿ, ಸ್ಪೀಕರು ಜಗಲಿಯಲ್ಲಿ, ನಡುವೆ ಕಿಟಕಿಯಿಂದ ತೂರಿಸಿದ ಉದ್ದನೆಯ ವೈರು. ಹೊನ್ನಪ್ಪನವರು ಈಜಿಚೇರಿನಲ್ಲಿ ಕಾಲು ಚಾಚಿ ಹಾಡು ಕೇಳುತ್ತಿದ್ದರೆ ದಾರಿಹೋಕರು ನಿಂತು, "ಏನ್ ಗೌಡ್ರೆ, ಒಸ ರೇಡಿಯಾನಾ?" ಅನ್ನುವರು. "ಏ ರೇಡಿಯಾ ಅಲ್ಲ ಕಣಯ್ಯ, ಕಂಪ್ಯೂಟ್ರು. ನಮ್ ಚಿಕ್ಕಳಿಯ ತಂದವ್ನೆ" ಅನ್ನುವರು ಗೌಡರು.

ಆ 'ಚಿಕ್ಕಳಿಯ' ಅನ್ನುವ ಮಾತು ಕೆ.ಆರ್.ಎಸ್.ವರೆಗೂ ಕೇಳಿಸುತ್ತಿತ್ತು. ರಂಗಸ್ವಾಮಿ ಅಲ್ಲಿ ನೀರಾವರಿ ಇಲಾಖೆಯ ನೌಕರ. ಮದುವೆಯಾದ ಹೊಸದರಲ್ಲಿ ಅವನೂ ಮಾವನಿಗೆ ಒಂದು ಟೇಪ್ ರೆಕಾರ್ಡರ್ ಕೊಡಿಸಿದ್ದ. ಬೀದಿಗೆಲ್ಲ ಅದೊಂದೇ ಟೇಪು ಅನ್ನುವ ಕಾಲ. ಅಷ್ಟೂ ವರ್ಷ ಆ ಮನೆಯಲ್ಲಿ ಅಳಿಯ ಅಂದರೆ ಅವನೊಬ್ಬನೇ ಅನ್ನುವಂತಿತ್ತು.

ತವರಿಗೆ ಹೋಗಿಬಂದ ಹೆಂಡತಿ ಯಶೋದ ಬ್ಯಾಗು ಇಳಿಸುವ ಮೊದಲೇ ಸುದ್ದಿ ಇಳಿಸಿದಳು. "ನಿಮ್ ಟೇಪು ಅಟ್ಟಕ್ಕೋಯ್ತು ಕಣ್ರೀ. ಅದ್ರ ಮ್ಯಾಲೆ ಅವ್ವ ಬೆಳ್ಳುಳ್ಳಿ ಒಣ್ಗಾಕೆ ಅರ್ವವ್ಳೆ."

"ಅರ್ವಲಿ ಬುಡು. ನಂಗೇನು?"

"ನಿಮ್ಗೇನೂ ಇಲ್ಲ. ಮತ್ಯಾಕೆ ಮುದ್ದೆ ನುಂಗ್ದೆ ಇಸುಕ್ತಾ ಕುಂತಿದ್ದೀರಿ?"

ಇದಾಗಿ ಒಂದು ವಾರಕ್ಕೆ ಆಫೀಸಿಗೆ ಅತ್ತೆ ಪುಟ್ಟಗೌರಮ್ಮನ ಫೋನು ಬಂತು. ಕರೆಂಟು ಹೋಗಿ ಬಂದಮೇಲೆ ಕಂಪ್ಯೂಟರು ಉಸಿರೇ ಬಿಡುತ್ತಿಲ್ಲ, ರಘುವಿಗೆ ಫೋನ್ ಮಾಡಿದರೆ ಅಂಗಡಿಯಲ್ಲಿಲ್ಲ, ಇವರು ಬೆಳಗಿನಿಂದ ಮುಖ ಊದಿಸಿಕೊಂಡು ಕೂತಿದ್ದಾರೆ, ಒಂದ್ ಗಳಿಗೆ ಬಂದು ನೋಡಿ ಅಳಿಯಂದ್ರೆ ಅಂತ. ರಂಗಸ್ವಾಮಿಗೆ ಕಂಪ್ಯೂಟರಿನ ಗಂಧಗಾಳಿಯೂ ಗೊತ್ತಿರಲಿಲ್ಲ. ಆದರೂ ಹೊರಟ. ಷಡ್ಡಕನ ಪೆಟ್ಟಿಗೆ ಮೂಕವಾಗಿರುವುದನ್ನು ಕಣ್ಣಾರೆ ನೋಡುವ ಭಾಗ್ಯ ಬಿಟ್ಟಾನೆಯೇ?

ಹೋಗಿ ಕೂತು ನೋಡಿದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದೆ. ಯಾವುದೋ ಹೊಸ ಸಾಮಾನು ಬಂದಿದೆ, ಅದರ ಸಿ.ಡಿ. ಹಾಕು ಅಂತ. ಹೊಸದೆಲ್ಲಿಂದ ಬಂತು, ಅದೇ ಹಳೇ ಸ್ಪೀಕರು ತಾನೆ? ಸಿಟ್ಟು ಬಂದು ಹಿಂದುಗಡೆಯ ವೈರನ್ನು ಕಿತ್ತ. ಕಿತ್ತಮೇಲೆ ನೋಡುತ್ತಾನೆ, ಅಲ್ಲಿ ಒಂದೇ ಥರದ ಎರಡು ಕಿಂಡಿಗಳು, ಒಂದರ ಕೆಳಗೊಂದು. ಇದ್ದದ್ದು ಕೆಳಗಿನದರಲ್ಲಿ. ಮೇಲಿನದಕ್ಕೆ ಚುಚ್ಚಿದ. ಒಂದು ಸಲ ಗುಟುರು ಹಾಕಿ ಜಗಲಿಯಲ್ಲಿ ಹಾಡು ಶುರುವಾಗೇ ಹೋಯಿತು!

ಗುಟ್ಟು ಅವನಿಗೆ ಹೊಳೆಯಿತು. ರಘು ಮೊದಲ ದಿನ ಸ್ಪೀಕರಿನ ವೈರನ್ನು ಮೇಲಿನ ಕಿಂಡಿಯಲ್ಲಿ ಕೂರಿಸಿ ಪೆಟ್ಟಿಗೆಗೆ ಪರಿಚಯ ಮಾಡಿಸಿದ್ದಾನೆ. ಕರೆಂಟು ಹೋದಾಗಲೆಲ್ಲ ಅತ್ತೆ ಟಿವಿಗೆ ಮಾಡುವಂತೆ ಇದರ ವೈರುಗಳನ್ನೂ ಕಿತ್ತಿಡುತ್ತಾಳೆ. ಆಮೇಲೆ ಕೈಗೆ ಸಿಕ್ಕ ಕಿಂಡಿಗೆ ಚುಚ್ಚುತ್ತಾಳೆ. ಬೇರೆ ಬಾಗಿಲಿಂದ ಬಂದರೆ ಈ ದಡ್ಡ ಪೆಟ್ಟಿಗೆಗೆ ಮನೆಯವನ ಗುರುತೂ ಹತ್ತುವುದಿಲ್ಲ.

"ಅತ್ತೆ, ಮೇಲಿನದಕ್ಕೇ ಹಾಕಿ" ಅಂದುಬಿಟ್ಟಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಹೊನ್ನಪ್ಪನವರು ಜಗಲಿಯಿಂದ ಕೂಗಿದರು: "ಏ ಗೌರಿ, ಕೋಳಿ ಕುಯ್ಸು. ನಮ್ ದೊಡ್ಡಳಿಯ ಎಂಜಿನಿಯರ್ ಕಣಮ್ಮಿ!"

ರಂಗಸ್ವಾಮಿ ಬಾಯಿ ಮುಚ್ಚಿದ.

ಅಲ್ಲಿಂದ ಪೆಟ್ಟಿಗೆ ಮೂಕವಾದರೆ ಫೋನು ನೇರ ಕೆ.ಆರ್.ಎಸ್.ಗೆ. ಇವನು ಹೋಗಿ ಅತ್ತೆ ಮಾವನನ್ನು ದೂರ ನಿಲ್ಲಿಸಿ, ಪೆಟ್ಟಿಗೆಯ ಹಿಂದೆ ತಲೆ ತೂರಿಸಿ, ಸ್ವಲ್ಪ ಕೆಮ್ಮಿ, ಸ್ವಲ್ಪ ಗೊಣಗಿ ವೈರು ಬದಲಾಯಿಸುವನು. ನಡುವೆ ಅತ್ತೆಯ ಕೈ ತಪ್ಪದೆ ಮೇಲಿನ ಕಿಂಡಿಗೇ ಬೀಳತೊಡಗಿ ಫೋನು ನಿಂತೇಹೋಯಿತು. ಇವನಿಗೆ ಚಡಪಡಿಕೆ. ಆಮೇಲೆ ನೆಂಟಸ್ತನಕ್ಕೆಂದು ಹೋದಾಗಲೆಲ್ಲ, ಹೊರಡುವ ಮುಂಚೆ ಚಪ್ಪಲಿ ಹುಡುಕುವ ನೆಪದಲ್ಲಿ ನಡುಮನೆಗೆ ನುಗ್ಗಿ ತಾನೇ ವೈರನ್ನು ಕೆಳಗಿನ ಕಿಂಡಿಗೆ ಚುಚ್ಚಿ ಬರಲು ಶುರುಮಾಡಿದ.

ಯುಗಾದಿಯ ಮರುದಿನ, ವರ್ಷತೊಡಕಿಗೆ, ಇಬ್ಬರು ಅಳಿಯಂದಿರೂ ಬಂದರು. ನೆಂಟರಿಷ್ಟರೆಲ್ಲ ಜಗಲಿ ತುಂಬಿದ್ದಾರೆ, ಒಳಗೆ ಮರಿ ಸಾರು ಕುದಿಯುತ್ತಿದೆ. ರಂಗಸ್ವಾಮಿ ಎಲ್ಲರಿಗಿಂತ ಮುಂಚೆ ಬಂದು ತನ್ನ ಕೈಚಳಕ ಮುಗಿಸಿ ಏನೂ ಅರಿಯದವನಂತೆ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ. ಬಂಧುಗಳೆದುರು ರಘು ಒದ್ದಾಡಬೇಕು, ಆಮೇಲೆ ತಾನೆದ್ದು ಹಾಡಿಸಬೇಕು. ಅವನ ಲೆಕ್ಕ ಅಷ್ಟೇ.

"ರಘು, ಒಂದೆರಡು ಹಾಡಾಕಪ್ಪ" ಅಂದರು ಹೊನ್ನಪ್ಪ.

ರಘು ಒತ್ತಿದ, ಒದರಿದ, ಬೆವರಿದ. "ಸಿ.ಡಿ. ಕೇಳ್ತಾ ಇದೆ ಮಾವ. ಅದು ಅಂಗಡೀಲಿದೆ."

"ಏಳು ರಂಗಸಾಮಿ, ಇದು ನಿನ್ ಕೆಲ್ಸ" ಅಂದರು ಮಾವ. ರಂಗಸ್ವಾಮಿ ಎಲೆಯಡಿಕೆ ಉಗಿದು, ಪಂಚೆ ಕೊಡವಿ ನಿಧಾನವಾಗಿ ಎದ್ದ. ಎಷ್ಟು ನಿಧಾನವೆಂದರೆ, ಅಷ್ಟರಲ್ಲಿ ಪುಟ್ಟಗೌರಮ್ಮ ಸೌಟು ಹಿಡಿದುಕೊಂಡೇ ಒಳಗಿನಿಂದ ಬಂದಳು.

"ಸಿ.ಡಿ.ನೂ ಬ್ಯಾಡ, ಏನೂ ಬ್ಯಾಡ. ಹಿಂದ್ಗಡೆ ಕೆಳುಗ್ಲು ತೂತಿಂದ ಕಿತ್ತು ಮ್ಯಾಗ್ಲುದುಕ್ಕೆ ಹಾಕಿ ರಘು ಅವ್ರೆ. ದೊಡ್ಡಳಿಯಂದ್ರು ಹಂಗೇ ಮಾಡಾದು, ಬಾಗ್ಲಿಂದ ನೋಡಿವ್ನಿ. ಹೋಗಾಗ ಅವ್ರೇ ಕೆಳೀಕಾಕಿ ಹೋಯ್ತಾರೆ. ಅದುಕ್ಕೂ ವಸಿ ರೆಸ್ಟ್ ಬ್ಯಾಡ್ವಾ? ಈಗಿನ್ನೂ ಕೆಳೀಕ್ ಹಾಕ್ತಿದ್ರು."

ರಘು ಹಾಗೇ ಮಾಡಿದ, ಹಾಡು ಬಂತು. ಆಮೇಲೆ ಯಾರೋ ಒಬ್ಬ ಕಿಸಕ್ಕೆಂದ, ಇಡೀ ಜಗಲಿ ನಗೆಯಲ್ಲಿ ಬಿದ್ದುಹೋಯಿತು. ಯಶೋದ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಂಗಸ್ವಾಮಿಯ ಕಿವಿ ಕಾದ ಹಂಚಾಯಿತು.

ನಗದವನು ರಘು ಒಬ್ಬನೇ. "ಅಲ್ಲ ಅತ್ತೆ, ಎರಡು ತಿಂಗಳಿಂದ ಅಣ್ಣನ್ನೇ ಕರೀತಿದ್ರಾ? ತಂದ್ಕೊಟ್ಟಿದ್ದು ನಾನು. ನನಗೆ ಒಂದ್ ಮಾತು ಹೇಳ್ಬಾರ್ದಾ?"

"ಒಂದ್ಸಲ ಮಾಡ್ದೆ ಕಣಪ್ಪ, ನೀವು ಸಿಕ್ನಿಲ್ಲ. ಇವ್ರಾದ್ರೆ ಕರ್ದೇಟ್ಗೇ ಬತ್ತಾರೆ."

ರಘುವಿನ ಮುಖ ಕಪ್ಪಿಟ್ಟಿತು. ಆ ಕಪ್ಪಿನ ರುಚಿ ರಂಗಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು. ಮಾನ ಹೋದ ಸಂಕಟದ ನಡುವೆಯೂ ಅವನಿಗೆ ಆ ದಿನ ಮುದ್ದೆ ಸಲೀಸಾಗಿ ಇಳಿಯಿತು, ಇನ್ನರ್ಧ ಹಾಕಿಸಿಕೊಂಡ.

ಊಟವಾದ ಮೇಲೆ ರಘು ಕೆಳಗಿನ ಕಿಂಡಿಗೆ ಇನ್ಸುಲೇಷನ್ ಟೇಪು ಅಂಟಿಸಿ ಮುಚ್ಚಿದ. ಪೆಟ್ಟಿಗೆ ಮತ್ತೆ ಮೂಕವಾಗಲಿಲ್ಲ. ಕೆ.ಆರ್.ಎಸ್. ಆಫೀಸಿನ ಫೋನು ಬರೀ ಇಲಾಖೆಯ ಮಾತಿಗಾಯಿತು. ತಡೆಯಲಾರದೆ ಒಂದು ದಿನ ರಂಗಸ್ವಾಮಿಯೇ ಅತ್ತೆಗೆ ಫೋನ್ ಮಾಡಿದ.

"ಹಾಡ್ತಾ ಇದ್ಯಾ ಅತ್ತೆ?"

"ಓ, ಚೆಂದಾಗಿ ಹಾಡ್ತದೆ. ರಘು ಅವ್ರೂ ದಿನಾ ಸಂಜೆ ಫೋನ್ ಮಾಡಿ ಇದ್ನೇ ಕೇಳ್ತಾರೆ."

"ದಿನಾ ಮಾಡ್ತಾನಾ?"

"ಒಂದಿನಾನೂ ತಪ್ಸಾಕಿಲ್ಲ."

ಮರುದಿನದಿಂದ ರಂಗಸ್ವಾಮಿ ಬೆಳಿಗ್ಗೆ ಫೋನ್ ಮಾಡತೊಡಗಿದ. ಅದು ತಿಳಿದು ರಘು ಮಧ್ಯಾಹ್ನವೂ ಮಾಡಿದ. ಅದು ತಿಳಿದು ಇವನು ಸಂಜೆಯೂ ಮಾಡಿದ. ಪ್ರತಿ ಸಲವೂ ಪುಟ್ಟಗೌರಮ್ಮ ಫೋನಿನಲ್ಲಿ ಮಾತು ಕೇಳಿಸಲೆಂದು ಹಾಡು ನಿಲ್ಲಿಸಬೇಕು.

ಒಂದು ಸಂಜೆ ಫೋನು ಮತ್ತೆ ಕಿರುಚಿದಾಗ ಹೊನ್ನಪ್ಪನವರು ಈಜಿಚೇರಿನಿಂದ ಎದ್ದೇ ಬಂದರು. "ಈ ನನ್ ಮಕ್ಳು ಹಾಡ್ತದಾ ಹಾಡ್ತದಾ ಅಂತ ಕೇಳೀ ಕೇಳೀ ಒಂದ್ ಹಾಡೂ ನೆಟ್ಟಗೆ ಕೇಳಾಕ್ ಬುಡ್ನಿಲ್ಲ ಕಣಮ್ಮಿ" ಅಂದವರೇ ಫೋನಿನ ವೈರನ್ನು ಗೋಡೆಯಿಂದ ಕಿತ್ತೆಸೆದು ಜಗಲಿಗೆ ಹೋಗಿ ಕೂತರು.