ಮಧ್ಯಾಹ್ನದ ವಾಸನೆ

ಭಾವ ತೀರಿಹೋದ ಮೇಲೂ ದಿನಾ ಮಧ್ಯಾಹ್ನ ಮನೆಗೆ ಬರುತ್ತಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ಮೆಕ್ಯಾನಿಕ್ ಕೈಲಿದ್ದ ಕೆಲಸ ಬಿಟ್ಟು ಎದ್ದ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಆದರೆ ಅವಳು ಅಳುತ್ತಿರಲಿಲ್ಲ.

"ಕಣ್ಣಿಗೆ ಕಾಣಲ್ಲ ಕಣೋ. ಉಂಡು ಮಲಗ್ತೀನಲ್ಲ, ಆಗ ವಾಸನೆ ಬರುತ್ತೆ. ಪೆಟ್ರೋಲಿಂದು. ಮಂಚದ ಪಕ್ಕದಲ್ಲೇ ನಿಂತಿರೋ ಹಾಗೆ. ನಾಳೆ ಬಂದು ಗಾಡಿ ನೋಡು."

ಭಾವ ಬದುಕೆಲ್ಲ ಒಂದೇ ಹಳೇ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಸಾಮಾನು ಸಾಗಿಸಿದವರು. ರಿಪೇರಿಯೂ ಅವರದೇ. ಎಷ್ಟು ಒಗೆದರೂ ಅವರ ಅಂಗಿಯಿಂದ ಪೆಟ್ರೋಲ್ ವಾಸನೆ ಹೋಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೆಕ್ಯಾನಿಕ್ ಹತ್ಯಾರದ ಪೆಟ್ಟಿಗೆ ಹೊತ್ತು ಬಂದ. ವ್ಯಾನು ನಿಂತಿದ್ದ ಶೆಡ್ಡಿನ ಬಾಗಿಲು ತೆಗೆದದ್ದೇ ತಡ, ಪೆಟ್ರೋಲ್ ವಾಸನೆ ಮೂಗಿಗೆ ಗಪ್ಪೆಂದು ಬಡಿಯಿತು. ಶೆಡ್ಡಿಗೂ ಅಕ್ಕನ ಕೋಣೆಗೂ ನಡುವೆ ಒಂದೇ ಗೋಡೆ, ಗೋಡೆಯ ಮೇಲ್ಗಡೆ ಗಾಳಿಗೆಂದು ಬಿಟ್ಟ ಕಿಂಡಿ. ಬಿಸಿಲೇರಿ ತಗಡಿನ ಸೂರು ಕಾದರೆ ವಾಸನೆ ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬ್ಯಾಟರಿಯ ತಂತಿ ಕಳಚಿ, ಇಬ್ಬರೂ ಸೇರಿ ವ್ಯಾನನ್ನು ಅಂಗಳಕ್ಕೆ ತಳ್ಳಿದರು. ಅವನು ಗೋಣಿ ಹಾಸಿಕೊಂಡು ಅಡಿಗೆ ತೂರಿದ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪು ತುಕ್ಕು ಹಿಡಿದು ಹಪ್ಪಳದಂತಾಗಿತ್ತು. ಒಂದು ಕಡೆ ರಬ್ಬರ್ ಸುತ್ತಿ ತಂತಿ ಬಿಗಿದಿದ್ದರು. ತಂತಿಯ ತುದಿಯನ್ನು ಎಡಕ್ಕೆ ತಿರುಚಿದ್ದರು. ಭಾವ ಎಡಚರು. ತನ್ನ ಮೂಗಿನಿಂದ ಗೇಣುದೂರದಲ್ಲಿ ಅವನಿಗೆ ಅವರ ಕೈ ಕಂಡಂತಾಯಿತು. ರಬ್ಬರಿನಡಿಯಿಂದ ಪೆಟ್ರೋಲು ತೊಟತೊಟ ಬೀಳುತ್ತಿತ್ತು.

ಆಮೇಲೆ ಹೊಳೆಯಿತು. ವ್ಯಾನು ಓಡದೆ ತಿಂಗಳುಗಳಾಗಿವೆ. ಹೀಗೆ ಸೋರಿದ್ದರೆ ಟ್ಯಾಂಕು ಯಾವತ್ತೋ ಬರಿದಾಗಬೇಕಿತ್ತು. ತಟ್ಟಿ ನೋಡಿದ. ಅರ್ಧಕ್ಕೂ ಮೇಲಿತ್ತು.

ಹೊರಗೆ ಬಂದು ಕೂತ. "ಅಕ್ಕಾ, ಇದು ಸೋರ್ತಾ ಇದೆ."

"ಗೊತ್ತು."

"ಟ್ಯಾಂಕಿಗೆ ಯಾರು ಹಾಕ್ತಿದ್ದಾರೆ?"

"ನಾನೇ. ಕ್ಯಾನಲ್ಲಿ ತಂದು ಹಾಕ್ತೀನಿ." ಗಿಡಕ್ಕೆ ನೀರು ಹಾಕುವವರ ದನಿ. "ಒಂದ್ಸಲ ಖಾಲಿಯಾಗಿತ್ತು. ವಾಸನೆ ನಿಂತುಹೋಯ್ತು. ಮನೆ ಬಿಕೋ ಅಂತಿತ್ತು ಕಣೋ."

"ಮನೆ ಸುಟ್ಟು ಬೂದಿಯಾಗೋದು! ಮತ್ತೆ ನನ್ನನ್ಯಾಕೆ ಕರೆಸಿದೆ?"

ಅಕ್ಕ ತನ್ನ ಕೈ ನೋಡಿಕೊಂಡಳು. "ನಿನ್ನೆ ಒಲೆ ಹಚ್ಚೋಕೆ ಕಡ್ಡಿ ಗೀರಿದೆ. ಆಮೇಲೆ ನೋಡಿದ್ರೆ ಉರಿಯೋ ಕಡ್ಡಿ ಹಿಡ್ಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೀನಿ. ಹೇಗೆ ಬಂದೆನೋ ಗೊತ್ತಿಲ್ಲ. ಅವರು ಕರೆದ ಹಾಗಾಯ್ತು. ಬೆರಳು ಸುಟ್ಟಾಗಲೇ ಎಚ್ಚರ ಬಂದಿದ್ದು."

ಮೆಕ್ಯಾನಿಕ್ ಮತ್ತೆ ವ್ಯಾನಿನಡಿಗೆ ತೂರಿದ. ಟ್ಯಾಂಕು ಬಸಿದ. ಹಳೇ ಪೈಪನ್ನು ಉದ್ದಕ್ಕೂ ಕಿತ್ತ. ಭಾವ ಸುತ್ತಿದ ತಂತಿ ಬಿಚ್ಚಲು ಮನಸ್ಸಾಗದೆ ಆ ಜಾಗವನ್ನು ಇಡಿಯಾಗಿ ಕತ್ತರಿಸಿದ. ಹಳೆಯದರ ತಿರುವು ನೋಡಿಕೊಂಡು ಹೊಸ ಪೈಪು ಬಗ್ಗಿಸಿ, ತುದಿ ಅಗಲಿಸಿ, ನಟ್ಟು ಬಿಗಿದ. ಸ್ವಲ್ಪ ಪೆಟ್ರೋಲು ಹುಯ್ದು, ಬ್ಯಾಟರಿಯ ತಂತಿ ಮತ್ತೆ ಸಿಕ್ಕಿಸಿ ಎಂಜಿನ್ ಶುರು ಮಾಡಿ, ಜೋಡಣೆಗಳಿಗೆಲ್ಲ ಬಿಳಿ ಬಟ್ಟೆ ಒತ್ತಿ ನೋಡಿದ. ಬಟ್ಟೆ ಒಣಗಿಯೇ ಇತ್ತು. ಶೆಡ್ಡಿನ ನೆಲ ತೊಳೆದು, ಬಾಗಿಲನ್ನು ಹಾರುಹೊಡೆದಿಟ್ಟ.

ಕೆಲಸ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಕೈ ತೊಳೆಯಲು ಹೋದವನನ್ನು ಅಕ್ಕ ತಡೆದಳು.

"ಈಗಲೇ ತೊಳೀಬೇಡ. ನಾನು ಮಲಗೋವರೆಗೆ ಕೂತಿರು."

ಅವನು ಕೈ ತೊಳೆಯಲಿಲ್ಲ. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. ಉಸಿರು ನಿಧಾನವಾಯಿತು. ನಿದ್ದೆ ಹತ್ತಿತೆಂದು ಅವನು ಏಳಬೇಕೆನ್ನುವಷ್ಟರಲ್ಲಿ ಅವಳು ಕೇಳಿದಳು.

"ಬಂದ್ರಾ?"

ತಮ್ಮನನ್ನು ಅವಳು ಎಂದೂ ಬಹುವಚನದಲ್ಲಿ ಕರೆದವಳಲ್ಲ.

"ಹ್ಞೂಂ. ಬಂದೆ."

ಹೇಳಿದ್ದು ತಾನೇ. ದನಿ ಮಾತ್ರ ತನ್ನದೆನಿಸಲಿಲ್ಲ. ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎನಿಸಿದರೂ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅಕ್ಕ ಏಳುವವರೆಗೂ ಅವನು ಕೂತ ಜಾಗದಿಂದ ಅಲುಗಲಿಲ್ಲ.

ಎದ್ದವಳು ಕೂದಲು ಕಟ್ಟಿಕೊಳ್ಳುತ್ತ ವ್ಯಾನಿನ ಕೀಲಿಯನ್ನು ಮತ್ತೆ ಅವನ ಕೈಗೇ ಕೊಟ್ಟಳು. "ಗಾಡಿ ನೀನೇ ತಗೊಂಡು ಹೋಗು. ಇಲ್ಲಿದ್ರೆ ಆ ಹೊಸ ಪೈಪನ್ನೂ ನಾನೇ ಕುಯ್ದುಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ?"

"ನೀನೂ ಬಾ. ನಾಲ್ಕು ದಿನ ನಮ್ಮನೇಲಿರು."

ಅವಳು ಬಟ್ಟೆ ತರಲು ಒಳಹೋದಳು. ಬ್ಯಾಗು ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಇಬ್ಬರೂ ಕಿಟಕಿ ಪೂರ್ತಿ ಇಳಿಸಿಕೊಂಡಿದ್ದರು.