ಗೆಳತಿಯ ಮಗಳು

ಅಮೆರಿಕದ ನೌಕಾಪಡೆಯಲ್ಲಿದ್ದ ಮಗಳು ಧೃತಿ ಫೋನಿನಲ್ಲಿ ಹೇಳಿದ್ದನ್ನು ಕೌಸಲ್ಯಾ ಎಷ್ಟು ಸಲ ತಿರುವಿ ಹಾಕಿದರೂ ತಲೆಗೆ ಹತ್ತಲಿಲ್ಲ. ಜೊತೆಯ ನಾವಿಕನೊಬ್ಬ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ವರದಿ ಕೊಟ್ಟಿದ್ದಾಳಂತೆ, ಆದರೆ ತನಿಖೆ ಬೇಡವಂತೆ. ಸೇನೆಯಲ್ಲಿ ಹೀಗೂ ಒಂದು ದಾರಿ ಇದೆಯಂತೆ: ಡಾಕ್ಟರು ನೋಡುತ್ತಾರೆ, ಧೈರ್ಯ ಹೇಳಲು ಜನ ಇರುತ್ತಾರೆ, ಮೇಲಧಿಕಾರಿಗೆ ಮಾತ್ರ ಹೆಸರು ಹೋಗುವುದಿಲ್ಲ. ಮನಸ್ಸು ಗಟ್ಟಿಯಾದ ದಿನ ಅವಳೇ ಬಹಿರಂಗ ಮಾಡಬಹುದು. ಸುದ್ದಿ ಬೇರೆ ಕಡೆಯಿಂದ ಅಧಿಕಾರಿಯ ಕಿವಿಗೆ ಬಿದ್ದರೆ ಮಾತ್ರ ತನಿಖೆ ಅವಳ ಕೈ ಮೀರಿ ಹೋಗುತ್ತದೆ.

“ಅದಕ್ಕೇ ಯಾರಿಗೂ ಹೇಳ್ಬೇಡ ಅಮ್ಮ, ಅಪ್ಪಂಗೂ,” ಎಂದಿದ್ದಳು.

ಹಿಂದಿನ ವರ್ಷ ಡೆಟ್ರಾಯಿಟ್ಟಿನ ಕಾರು ಕಂಪನಿಗಳು ಒಂದೊಂದಾಗಿ ಕುಸಿದಾಗ ಗಂಡ ಪದ್ಮನಾಭನ ಕೆಲಸ ಹೋಗಿತ್ತು. ಓದಿನ ಖರ್ಚು ತಾನೇ ನೋಡಿಕೊಳ್ಳುತ್ತೇನೆಂದು ಹುಡುಗಿ ನೌಕಾಪಡೆ ಸೇರಿ ಶಿಕಾಗೋ ಕಡೆಯ ನೌಕಾನೆಲೆಗೆ ಹೋದಳು. ಡೆಟ್ರಾಯಿಟ್ ಪಕ್ಕದ ತಮ್ಮೂರು ಕ್ಯಾಂಟನ್ನಿನ ಕನ್ನಡಿಗರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರು.

ಕೌಸಲ್ಯಾಗೆ ಅನ್ನ ಸೇರಲಿಲ್ಲ. ಈ ಗುಟ್ಟು ಮಗಳನ್ನು ಕಾಯುತ್ತದೋ, ಆ ಪಾಪಿಯನ್ನೋ? ಅವನು ನಾಳೆಯೂ ಅದೇ ಊಟದ ಸಾಲಿನಲ್ಲಿ ನಿಲ್ಲುವುದಿಲ್ಲವೇ? ಯಾರನ್ನಾದರೂ ಕೇಳದೆ ಇರಲಾಗಲಿಲ್ಲ. ಹತ್ತಿರದ ನೋವೈ ಊರಿನ ದೇವಸ್ಥಾನದಲ್ಲಿ ತಿರುಮಲೇಶ್ ಸಿಕ್ಕರು. ವೀಸಾದಿಂದ ಮಂಡಿನೋವಿನವರೆಗೆ ಎಲ್ಲರೂ ಸಲಹೆ ಕೇಳುವುದು ಈ ಹಿರಿಯರನ್ನೇ. ನಮ್ಮವರ ಪದ್ಧತಿ ಗೊತ್ತಲ್ಲ, ಸ್ವಂತ ಸಂಕಟವನ್ನು ಯಾವಾಗಲೂ ಪಕ್ಕದ ಮನೆಯವರ ಹೆಸರಿನಲ್ಲೇ ಹೇಳಿಕೊಳ್ಳುವುದು. ಕೌಸಲ್ಯಾ ಕೂಡ “ನನ್ನ ಗೆಳತಿಯ ಮಗಳು, ನೇವಿಯಲ್ಲಿದಾಳೆ” ಎಂದೇ ಶುರು ಮಾಡಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಸುತ್ತಲಿನ ಕನ್ನಡಿಗರಲ್ಲಿ ನೌಕಾಪಡೆಯಲ್ಲಿದ್ದ ಹುಡುಗಿ ಒಬ್ಬಳೇ. ತಿರುಮಲೇಶ್ ಸಭ್ಯರು, ಏನೂ ಗೊತ್ತಿಲ್ಲದವರಂತೆ ಪಾಪ ಪಾಪ ಎಂದರು. ಮನೆಗೆ ಹೋಗಿ, ಕಣ್ಣೆದುರು ಬೆಳೆದ ಕೂಸಿಗೆ ನ್ಯಾಯ ಸಿಗಲೆಂದು ನೆಲೆಯ ಅಧಿಕಾರಿಗೇ ಫೋನ್ ಮಾಡಿದರು. ಧೃತಿಯ ಹೆಸರನ್ನೂ ಹೇಳಿದರು. ಒಳ್ಳೆಯತನಕ್ಕೆ ಬುದ್ಧಿ ಜೊತೆಯಿಲ್ಲದಿದ್ದರೆ ಹೀಗೇ.

ವಾರದೊಳಗೆ ಧೃತಿಯ ಫೋನ್ ಬಂತು. ತನಿಖೆ ಶುರುವಾಗಿತ್ತು, ಅವಳ ಘಟಕದಲ್ಲೆಲ್ಲ ಗುಸುಗುಸು. ಕೌಸಲ್ಯಾ ಗೆಳತಿಯ ಮಗಳ ಕತೆಯನ್ನು ತೊದಲುತ್ತಾ ಒಪ್ಪಿಕೊಂಡಳು.

“ಒಳ್ಳೇದೇ ಆಯ್ತಲ್ವೇನೇ? ಅವ್ನಿಗೆ ಶಿಕ್ಷೆ ಆಗುತ್ತೆ.”

“ಆಗ್ಬಹುದು. ಅವ್ನು ನನ್ನ ಕೇಳ್ಲಿಲ್ಲ ಅಮ್ಮ. ನೀನೂ ಕೇಳ್ಲಿಲ್ಲ.”

ಕೌಸಲ್ಯಾಗೆ ಅವನ ಪಕ್ಕದಲ್ಲಿ ತನ್ನನ್ನು ನಿಲ್ಲಿಸಿದಳಲ್ಲ ಎಂದು ಸಿಟ್ಟೂ ಬಂತು, ಮಾತು ನಿಜವೆಂದು ನಾಚಿಕೆಯೂ ಆಯಿತು. ಬೈಯಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ಗೋಡೆಗೆ ಒರಗಿದಳು. ಕೊನೆಗೆ ಮೊದಲ ದಿನವೇ ಕೇಳಬೇಕಿದ್ದ ಮಾತು ಬಾಯಿಗೆ ಬಂತು.

“ನಿಂಗೇನು ಬೇಕು, ಪುಟ್ಟಿ?”

“ಗೊತ್ತಿಲ್ಲಮ್ಮ,” ಎಂದಳು ಧೃತಿ. “ಗೊತ್ತಾಗೋವರ್ಗೂ ಟೈಮ್ ಇತ್ತು.”