ಕನ್ನಡಕದೊಳಗಿನ ವಾರ್ಡು

ನರ್ಸಿಂಗ್ ಕಾಲೇಜಿನ ಹಿರಿಯ ಮೇಡಂಗೆ ಆ ಕನ್ನಡಕ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕನ್ನಡಕ ಅನ್ನುವುದು ಪ್ರಿನ್ಸಿಪಾಲರ ಮಾತು. ಮೇಡಂ ಅದನ್ನು ಕರೆಯುತ್ತಿದ್ದದ್ದು ಡಬ್ಬ ಅಂತ. ತಲೆಗೆ ಕಟ್ಟಿಕೊಂಡರೆ ಕಣ್ಣೆದುರು ಒಂದು ವಾರ್ಡು ತೆರೆದುಕೊಳ್ಳುತ್ತದೆ. ಸಾಲು ಮಂಚ, ಮಂಚಕ್ಕೊಬ್ಬ ರೋಗಿ, ಎಲ್ಲರ ಬಟ್ಟೆಯೂ ಗರಿಗರಿ. ಕೈಯಲ್ಲಿರುವ ಗುಂಡಿ ಒತ್ತಿದರೆ ರೋಗಿ ಎದ್ದು ಕೂರುತ್ತಾನೆ, ಇನ್ನೊಮ್ಮೆ ಒತ್ತಿದರೆ ನಡೆಯುತ್ತಾನೆ. ನರ್ಸಿಗೆ ಒಂದು ಸಲವೂ ಬೈಯುವುದಿಲ್ಲ. ಇಂಥ ಸಭ್ಯ ರೋಗಿಯನ್ನು ಮೇಡಂ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದರು. ಆದರೆ ಡಬ್ಬಗಳು ಬಂದದ್ದೇ ತಡ, ಪ್ರಿನ್ಸಿಪಾಲರು ಹೊಸ ಬ್ಯಾಚಿನ ಹುಡುಗಿಯರನ್ನು ಆಸ್ಪತ್ರೆಗೆ ಕಳಿಸುವುದನ್ನೇ ನಿಲ್ಲಿಸಿಬಿಟ್ಟರು. ಕೊನೆಯ ಪರೀಕ್ಷೆ ಮಾತ್ರ ನಿಜವಾದ ವಾರ್ಡಿನಲ್ಲೇ ನಡೆಯಬೇಕಿತ್ತು; ಆ ನಿಯಮ ಬದಲಿಸುವುದು ಅವರ ಕೈಯಲ್ಲಿರಲಿಲ್ಲ.

"ಸಾರ್, ವಾರಕ್ಕೊಂದಿನ ಆದ್ರೂ ಆಸ್ಪತ್ರೆಗೆ ಕಳಿಸಿ. ನಿಮಗೆ ಕೈ ಮುಗೀತೀನಿ."

"ಯಾಕ್ರೀ ಮೇಡಂ? ಮಾರ್ಕ್ಸ್ ಹೇಗೆ ಬರ್ತಿದೆ ನೋಡಿ! ಆಸ್ಪತ್ರೆಯವರ ಕೈಕಾಲು ಹಿಡಿಯೋ ಗೋಳೂ ತಪ್ಪಿತು."

"ರೋಗಿ ಬೀಳೋ ಹಾಗಾದ್ರೆ ಹುಡುಗೀರು ಡಬ್ಬ ಕಿತ್ತು ಪಕ್ಕಕ್ಕಿಡ್ತಾರೆ ಸಾರ್. ನೀರು ಕುಡಿದು, ಮತ್ತೆ ಮೊದಲಿಂದ ಶುರು ಮಾಡ್ತಾರೆ. ನಿಮಗೆ ಕಾಣಿಸೋದು ಕೊನೇ ಮಾರ್ಕ್ಸ್ ಮಾತ್ರ."

"ಕಲಿಯೋದು ಅಂದ್ರೆ ಅದೇ ಅಲ್ವಾ?" ಅಂದು ಪ್ರಿನ್ಸಿಪಾಲರು ನಕ್ಕರು.

ಮೇಡಂಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಗೋಡೆಯಾದರೂ ನಿಜವಾದದ್ದು.

ಡಬ್ಬದ ವಾರ್ಡಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಗುಬ್ಬಿ. ಕುಳ್ಳ ಹುಡುಗಿ, ಅದಕ್ಕೇ ಆ ಹೆಸರು. ಆ ಕೊನೆಯ ಪರೀಕ್ಷೆಯಲ್ಲಿ ಮೊದಲ ಸಲ ಸೂಜಿಯನ್ನು ತಪ್ಪು ಜಾಗಕ್ಕೆ ಚುಚ್ಚಿ ಫೇಲಾಗಿದ್ದಳು. ಇನ್ನುಳಿದದ್ದು ಒಂದೇ ಅವಕಾಶ. ಅದೂ ಹೋದರೆ ಕಾಲೇಜಿನಿಂದ ಹೊರಗೆ, ನರ್ಸ್ ಆಗುವ ಆಸೆಗೆ ಎಳ್ಳುನೀರು. ಪಾಪ, ಹಗಲೆಲ್ಲ ಡಬ್ಬ ಕಟ್ಟಿಕೊಂಡೇ ಇರುತ್ತಿದ್ದಳು.

ಪರೀಕ್ಷೆಯ ದಿನ ಅವಳ ಪಾಲಿಗೆ ಬಂದದ್ದು ಹೊಟ್ಟೆಯ ಆಪರೇಷನ್ ಆಗಿದ್ದ ಒಬ್ಬ ಅಜ್ಜಿ. ಮಂಚದಿಂದ ಎಬ್ಬಿಸಿ ಪಕ್ಕದ ಕುರ್ಚಿಯಲ್ಲಿ ಕೂರಿಸಬೇಕು, ಅಷ್ಟೇ. ಪರೀಕ್ಷೆ ಮಾಡುವವರು ಮೇಡಂ. ಅವರು ರೋಗಿಯನ್ನು ಮುಟ್ಟಬೇಕಾಗಿ ಬಂದರೆ ಹುಡುಗಿ ಫೇಲು.

"ಏನೇ, ನೀನಾ ನನ್ನ ಎಬ್ಬಿಸೋಳು?" ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬೆಳಿಗ್ಗೆ ಏನಾದ್ರೂ ತಿಂದ್ಯಾ?"

"ತಿಂದೆ ಅಜ್ಜಿ. ನನ್ನ ಹೆಗಲು ಹಿಡ್ಕೊಳ್ಳಿ."

ಗುಬ್ಬಿ ಒಂದು ಹೆಜ್ಜೆಯೂ ತಪ್ಪಲಿಲ್ಲ. ಮಗ್ಗುಲಿಗೆ ಹೊರಳಿಸಿದಳು, ಕೂರಿಸಿದಳು, ತಲೆ ಸುತ್ತುತ್ತಿದೆಯಾ ಅಂತ ಕೇಳಿದಳು, ಕಾಲು ನೆಲಕ್ಕೆ ಊರಿಸಿದಳು. ಮೇಡಂ ಮನಸ್ಸಿನಲ್ಲೇ ಭೇಷ್ ಅಂದುಕೊಂಡರು. ಅಜ್ಜಿ ಎದ್ದು ನಿಂತಳು. ನಿಂತವಳ ಮುಖ ಬಿಳಿಚಿಕೊಂಡಿತು, ಮಂಡಿ ಕುಸಿಯಿತು, ಇಡೀ ಮೈಭಾರ ಗುಬ್ಬಿಯ ಮೇಲೆ ಬಿತ್ತು.

ಗುಬ್ಬಿ ಅಜ್ಜಿಯನ್ನು ಬಿಟ್ಟಳು. ಎರಡೂ ಕೈ ನೇರ ಅವಳದೇ ತಲೆಗೆ ಹೋದವು, ಅಲ್ಲಿಲ್ಲದ ಡಬ್ಬದ ಪಟ್ಟಿಗಾಗಿ ಕಿವಿಯ ಹಿಂದೆ ತಡಕಾಡಿದವು.

ಮೇಡಂಗೆ ನಿಯಮ ನೆನಪಾಗಲಿಲ್ಲ. ನುಗ್ಗಿ ಅಜ್ಜಿಯ ಸೊಂಟ ಹಿಡಿದು, ತಾವೂ ಮುಗ್ಗರಿಸಿ, ಹೇಗೋ ಮಂಚದ ಮೇಲೆ ಕೂರಿಸಿದರು. ಅಜ್ಜಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ಗುಬ್ಬಿಗೆ.

ಸುದ್ದಿ ಕೇಳಿ ಪ್ರಿನ್ಸಿಪಾಲರು ಓಡಿ ಬಂದರು. ಮೇಡಂ ಅವರನ್ನು ವರಾಂಡದ ಮೂಲೆಗೆ ಕರೆದು ದನಿ ತಗ್ಗಿಸಿದರು. "ಕನ್ನಡಕದ ಮಾರ್ಕ್ಸ್ ಸೇರಿಸಿ ಪಾಸು ಮಾಡ್ಬಿಡೋಣ. ನೀವು ಹೂಂ ಅನ್ನಿ ಸಾಕು. ಹುಡುಗಿ ಬದುಕೂ ಉಳಿಯುತ್ತೆ."

ಮೇಡಂ ಕೈಯಲ್ಲಿದ್ದ ಮಾರ್ಕ್ಸ್ ಹಾಳೆ ನೋಡಿದರು. ಹೂಂ ಅನ್ನಲು ಎಷ್ಟು ಹೊತ್ತು? ಗುಬ್ಬಿಯಷ್ಟು ಕಷ್ಟಪಟ್ಟವಳು ಆ ಬ್ಯಾಚಿನಲ್ಲೇ ಇರಲಿಲ್ಲ.

"ಆಗಲ್ಲ ಸಾರ್," ಅಂದರು. "ನಾಳೆ ಅವಳ ಕೈಗೆ ಯಾರ ಅಮ್ಮನನ್ನ ಕೊಡ್ತೀರಿ? ನಿಮ್ಮಮ್ಮನನ್ನ ಕೊಡ್ತೀರಾ?"

ಪ್ರಿನ್ಸಿಪಾಲರು ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ಮೇಡಂ ಫೇಲು ಅಂತಲೇ ಬರೆದು ಸಹಿ ಹಾಕಿದರು.

ಗುಬ್ಬಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಮೇಡಂ ಪಕ್ಕದಲ್ಲಿ ಕೂತಾಗ ತನ್ನ ಅಂಗೈಗಳನ್ನು ನೋಡುತ್ತ ಹೇಳಿದಳು, "ಅಜ್ಜಿ ಅಷ್ಟು ಭಾರ ಇರ್ತಾರೆ ಅಂತ ನಂಗೊತ್ತೇ ಇರ್ಲಿಲ್ಲ ಮೇಡಂ. ಯಾರೂ ಹೇಳ್ಲಿಲ್ಲ."

ಹೇಳಲು ಮೇಡಂ ಬಳಿ ಬೇಕಾದಷ್ಟಿತ್ತು. ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತು ಅದನ್ನೆಲ್ಲ ಗಂಟಲು ಹರಿಯುವಂತೆ ಹೇಳಿಯೂ ಇದ್ದರು. ಆದರೆ ಒಂದೇ ಒಂದು ದಿನ, ಖಾಲಿ ಕ್ಲಾಸಿನಲ್ಲಾದರೂ, ತಮ್ಮ ಮೈಭಾರವನ್ನೇ ಈ ಹುಡುಗಿಯ ಹೆಗಲಿಗೆ ಬಿಟ್ಟು, ಹಿಡ್ಕೊಳ್ಳೇ ನೋಡೋಣ ಅಂದಿರಲಿಲ್ಲ.